ಹಳೆಯ ಲಿನಕ್ಸ್ ಗಣಕಯಂತ್ರಗಳಲ್ಲಿ ಪ್ರಮಾಣಪತ್ರ ಪರಿಶೀಲನಾ ದೋಷಗಳು: ಕಾರಣಗಳು ಹಾಗೂ ಪರಿಹಾರ ಕ್ರಮಗಳು

1. ಪೀಠಿಕೆ

ಹಲವು ವರ್ಷಗಳ ಹಿಂದೆ ಸ್ಥಾಪಿಸಲಾದ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯುಳ್ಳ ಗಣಕಯಂತ್ರಗಳು ಶಾಲೆ, ಗ್ರಂಥಾಲಯ, ಸಹಕಾರ ಸಂಘ ಹಾಗೂ ಸಣ್ಣ ಕಚೇರಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದುಂಟು. ಸೆಂಟ್‌ಓಎಸ್, ಡೆಬಿಯನ್, ಉಬುಂಟು ಮತ್ತು ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಆಧಾರದ ಮೇಲೆ ರೂಪಿಸಿದ ಬಾಸ್ ಲಿನಕ್ಸ್ ಇವುಗಳಲ್ಲಿ ಮುಖ್ಯವಾದವು. ಇಂತಹ ಯಂತ್ರಗಳಲ್ಲಿ ಕಡತಗಳನ್ನು ಅಂತರಜಾಲದಿಂದ ತರಿಸಿಕೊಳ್ಳಲು, ಮಾಹಿತಿಯನ್ನು ಕಳುಹಿಸಲು ಹಾಗೂ ರಾತ್ರಿ ವೇಳೆ ದಾಖಲೆಗಳ ಪ್ರತಿಯನ್ನು ದೂರದ ಸರ್ವರ್‌ನಲ್ಲಿ ಇರಿಸಲು ಕರ್ಲ್, ಡಬ್ಲ್ಯುಗೆಟ್, ಗಿಟ್ ಮುಂತಾದ ಆದೇಶ ಸಾಲಿನ ಸಾಧನಗಳನ್ನು ಬಳಸಲಾಗುತ್ತದೆ.

ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದ ಕೆಲಸವು ಒಂದು ದಿನ ಹಠಾತ್ತನೆ ನಿಂತು, ಪ್ರಮಾಣಪತ್ರವನ್ನು ಪರಿಶೀಲಿಸಲು ಸಾಧ್ಯವಾಗಲಿಲ್ಲವೆಂಬ ಸಂದೇಶ ಪರದೆಯ ಮೇಲೆ ಮೂಡುವುದು ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ತೊಂದರೆ. ಪರಿಶೀಲನೆಯನ್ನೇ ನಿಲ್ಲಿಸಿಬಿಡುವುದು ಸುಲಭದ ದಾರಿಯೆಂದು ತೋರಿದರೂ ಅದು ಪರಿಹಾರವಲ್ಲ. ಆ ಯಂತ್ರದ ಮೂಲಕ ಸಾಗುವ ಪ್ರವೇಶ ಪದ, ವಿದ್ಯಾರ್ಥಿಗಳ ವಿವರ ಅಥವಾ ಸದಸ್ಯರ ಲೆಕ್ಕಪತ್ರ ಯಾರ ಕೈ ಸೇರುತ್ತದೆ ಎಂಬುದಕ್ಕೆ ಅನಂತರ ಯಾವ ಖಾತರಿಯೂ ಉಳಿಯುವುದಿಲ್ಲ. ದೋಷದ ನಿಜವಾದ ಕಾರಣವನ್ನು ಗುರುತಿಸಿ ಸರಿಪಡಿಸುವ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಪರಿಶೀಲನೆಯು ನಡೆಯುವ ವಿಧಾನ

ಸುರಕ್ಷಿತ ಸಂಪರ್ಕವನ್ನು ಕೋರಿದಾಗ ಎದುರಿನ ಸರ್ವರ್ ತನ್ನ ಪ್ರಮಾಣಪತ್ರವನ್ನು ಕಳುಹಿಸುತ್ತದೆ. ಆ ಪ್ರಮಾಣಪತ್ರಕ್ಕೆ ಒಂದು ಮಧ್ಯಂತರ ಪ್ರಮಾಣಪತ್ರದ ಸಹಿ ಇರುತ್ತದೆ. ಮಧ್ಯಂತರ ಪ್ರಮಾಣಪತ್ರಕ್ಕೆ ಮೂಲ ಪ್ರಮಾಣಪತ್ರದ ಸಹಿ ಇರುತ್ತದೆ. ಇದನ್ನು ಪ್ರಮಾಣಪತ್ರಗಳ ಸರಪಳಿ ಎನ್ನಲಾಗುತ್ತದೆ. ಸರಪಳಿಯ ಕೊನೆಯಲ್ಲಿರುವ ಮೂಲ ಪ್ರಮಾಣಪತ್ರವು ಬಳಕೆದಾರರ ಯಂತ್ರದಲ್ಲಿ ಮೊದಲೇ ಇರತಕ್ಕದ್ದು. ಲಿನಕ್ಸ್ ವಿತರಣೆಗಳಲ್ಲಿ ಈ ಮೂಲ ಪ್ರಮಾಣಪತ್ರಗಳ ಸಂಗ್ರಹವು ಬಹುಮಟ್ಟಿಗೆ ಮೊಜಿಲ್ಲಾ ಸಂಸ್ಥೆಯು ನಿರ್ವಹಿಸುವ ಪಟ್ಟಿಯನ್ನು ಆಧರಿಸಿದ್ದು, 'ಸಿಎ-ಸರ್ಟಿಫಿಕೇಟ್ಸ್' ಎಂಬ ಪ್ಯಾಕೇಜ್ ರೂಪದಲ್ಲಿ ಬರುತ್ತದೆ.

ಪರಿಶೀಲನೆಯ ವೇಳೆ ಸಾಧನವು ನಾಲ್ಕು ಅಂಶಗಳನ್ನು ನೋಡುತ್ತದೆ.

(ಅ) ಪ್ರಮಾಣಪತ್ರದ ಅವಧಿಯು ಆರಂಭವಾಗಿದೆಯೇ ಮತ್ತು ಇನ್ನೂ ಮುಗಿದಿಲ್ಲವೇ.
(ಆ) ಸರಪಳಿಯು ಯಂತ್ರದಲ್ಲಿರುವ ಮೂಲ ಪ್ರಮಾಣಪತ್ರವೊಂದನ್ನು ತಲುಪುತ್ತದೆಯೇ.
(ಇ) ಪ್ರಮಾಣಪತ್ರದಲ್ಲಿರುವ ಹೆಸರು ಕೋರಿದ ತಾಣದ ಹೆಸರಿಗೆ ಹೊಂದುತ್ತದೆಯೇ.
(ಈ) ಪ್ರತಿಯೊಂದು ಸಹಿಯೂ ಸರಿಯಾಗಿದೆಯೇ.

ಹಳೆಯ ಯಂತ್ರಗಳಲ್ಲಿ ಉಂಟಾಗುವ ದೋಷಗಳಲ್ಲಿ ಹೆಚ್ಚಿನವು ಮೊದಲ ಎರಡು ಅಂಶಗಳಿಗೆ ಸಂಬಂಧಿಸಿರುತ್ತವೆ.

3. ಮೊದಲು ಕೈಗೊಳ್ಳಬೇಕಾದ ತಪಾಸಣೆ

ಕರ್ಲ್ ಸಾಧನವು 60 ಎಂಬ ದೋಷ ಸಂಖ್ಯೆಯನ್ನು ತೋರಿಸಿದಲ್ಲಿ ಪ್ರಮಾಣಪತ್ರದ ಪರಿಶೀಲನೆ ವಿಫಲವಾಗಿದೆ ಎಂದರ್ಥ. 35 ಎಂಬ ಸಂಖ್ಯೆಯು ಬಂದಲ್ಲಿ ಸುರಕ್ಷಿತ ಸಂಪರ್ಕವನ್ನು ಏರ್ಪಡಿಸುವ ಹಂತದಲ್ಲಿಯೇ ತೊಡಕಾಗಿದೆ ಎಂದು ತಿಳಿಯತಕ್ಕದ್ದು. ಅಂತಹ ಸಂದರ್ಭದಲ್ಲಿ 8ನೇ ಭಾಗವನ್ನು ನೋಡುವುದು.

ಹೆಚ್ಚಿನ ವಿವರ ಪಡೆಯಲು ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ 'ಎಸ್-ಕ್ಲೈಂಟ್' ಆದೇಶವನ್ನು ಬಳಸಬಹುದು. 'ಕನೆಕ್ಟ್' ಆಯ್ಕೆಯಲ್ಲಿ ತಾಣದ ಹೆಸರು ಹಾಗೂ 443 ಎಂಬ ಪೋರ್ಟ್ ಸಂಖ್ಯೆಯನ್ನು, 'ಸರ್ವರ್‌ನೇಮ್' ಆಯ್ಕೆಯಲ್ಲಿ ಮತ್ತೊಮ್ಮೆ ತಾಣದ ಹೆಸರನ್ನು ನೀಡತಕ್ಕದ್ದು. ಹಳೆಯ ಆವೃತ್ತಿಗಳಲ್ಲಿ ಈ ಆದೇಶವು ಯಂತ್ರದ ಮೂಲ ಪ್ರಮಾಣಪತ್ರಗಳ ಸಂಗ್ರಹವನ್ನು ತಾನಾಗಿಯೇ ಓದದೆ ಇರಬಹುದಾದ್ದರಿಂದ 'ಸಿಎ-ಫೈಲ್' ಆಯ್ಕೆಯ ಮೂಲಕ ಸಂಗ್ರಹದ ಕಡತವನ್ನು ಸ್ಪಷ್ಟವಾಗಿ ಸೂಚಿಸುವುದು ಸೂಕ್ತ. ಉತ್ತರದ ಕೊನೆಯ ಭಾಗದಲ್ಲಿ 'ವೆರಿಫೈ ರಿಟರ್ನ್ ಕೋಡ್' ಎಂಬ ಸಾಲಿನಲ್ಲಿ ಒಂದು ಸಂಖ್ಯೆ ಇರುತ್ತದೆ. ಅದರ ಅರ್ಥ ಈ ಕೆಳಕಂಡಂತಿದೆ.

ಸಂಖ್ಯೆ 0: ಪರಿಶೀಲನೆ ಸರಿಯಾಗಿದೆ.
ಸಂಖ್ಯೆ 9: ಪ್ರಮಾಣಪತ್ರದ ಅವಧಿ ಇನ್ನೂ ಆರಂಭವಾಗಿಲ್ಲ. 4ನೇ ಭಾಗವನ್ನು ನೋಡುವುದು.
ಸಂಖ್ಯೆ 10: ಪ್ರಮಾಣಪತ್ರದ ಅವಧಿ ಮುಗಿದಿದೆ. 4 ಮತ್ತು 6ನೇ ಭಾಗಗಳನ್ನು ನೋಡುವುದು.
ಸಂಖ್ಯೆ 18: ಸರ್ವರ್ ತನ್ನ ಪ್ರಮಾಣಪತ್ರಕ್ಕೆ ತಾನೇ ಸಹಿ ಮಾಡಿಕೊಂಡಿದೆ.
ಸಂಖ್ಯೆ 19: ಸರಪಳಿಯ ಕೊನೆಯಲ್ಲಿ ಯಂತ್ರಕ್ಕೆ ಪರಿಚಯವಿಲ್ಲದ ಮೂಲ ಪ್ರಮಾಣಪತ್ರವಿದೆ. 5 ಮತ್ತು 9ನೇ ಭಾಗಗಳನ್ನು ನೋಡುವುದು.
ಸಂಖ್ಯೆ 20: ಸಹಿ ಮಾಡಿದವರ ಪ್ರಮಾಣಪತ್ರವು ಯಂತ್ರದಲ್ಲಿ ದೊರೆಯಲಿಲ್ಲ. 5ನೇ ಭಾಗವನ್ನು ನೋಡುವುದು.
ಸಂಖ್ಯೆ 21: ಮೊದಲನೆಯ ಪ್ರಮಾಣಪತ್ರವನ್ನೇ ದೃಢಪಡಿಸಲಾಗಲಿಲ್ಲ. 7ನೇ ಭಾಗವನ್ನು ನೋಡುವುದು.

4. ಗಣಕಯಂತ್ರದ ಗಡಿಯಾರ

ಯಾವುದೇ ಬದಲಾವಣೆ ಮಾಡುವ ಮುನ್ನ 'ಡೇಟ್' ಆದೇಶವನ್ನು ನೀಡಿ, ಯಂತ್ರವು ತೋರಿಸುವ ದಿನಾಂಕ, ಇಸವಿ ಮತ್ತು ವೇಳೆಯನ್ನು ನೋಡತಕ್ಕದ್ದು.

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆಯಾಗುತ್ತದೆ. ಕುಮಟಾ ತಾಲ್ಲೂಕಿನ ಹಿರೇಗುತ್ತಿಯಂತಹ ಗ್ರಾಮದಲ್ಲಿ ಗಾಳಿಮಳೆಯಿಂದ ವಿದ್ಯುತ್ ಕಡಿತವಾದಾಗ ಯಂತ್ರವು ಆರಿರುವ ಅವಧಿಯಲ್ಲಿ ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡ್ ಮೇಲಿರುವ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ. ಹಳೆಯ ಯಂತ್ರಗಳಲ್ಲಿ ಈ ಬ್ಯಾಟರಿಯ ಶಕ್ತಿ ಕುಂದಿರುತ್ತದೆ. ಆಗ ವಿದ್ಯುತ್ ಮರಳಿದ ಮೇಲೆ ಯಂತ್ರದ ದಿನಾಂಕವು ಹಲವು ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಕಳೆದ ತಿಂಗಳು ನೀಡಲಾದ ಪ್ರಮಾಣಪತ್ರವು ಅಂತಹ ಯಂತ್ರದ ಲೆಕ್ಕದಲ್ಲಿ ಇನ್ನೂ ಹುಟ್ಟಿರುವುದೇ ಇಲ್ಲ. ಪರಿಣಾಮವಾಗಿ ಎಲ್ಲ ತಾಣಗಳಿಗೂ 9ನೇ ಸಂಖ್ಯೆಯ ದೋಷ ಬರುತ್ತದೆ. ಒಂದು ತಾಣಕ್ಕೆ ಮಾತ್ರವಲ್ಲದೆ ಎಲ್ಲ ತಾಣಗಳಿಗೂ ಒಮ್ಮೆಲೇ ದೋಷ ಕಂಡುಬಂದಲ್ಲಿ ಮೊದಲು ಗಡಿಯಾರವನ್ನೇ ಸಂಶಯಿಸತಕ್ಕದ್ದು.

ಗಡಿಯಾರವನ್ನು ಅಂತರಜಾಲದ ಮೂಲಕ ಸರಿಪಡಿಸುವ 'ಎನ್‌ಟಿಪಿ' ಸೇವೆ ಇದ್ದರೂ ದೋಷವು ತಾನಾಗಿ ನಿವಾರಣೆಯಾಗದೆ ಇರಬಹುದು. ವ್ಯತ್ಯಾಸವು 1000 ಸೆಕೆಂಡುಗಳಿಗಿಂತ ಹೆಚ್ಚಿದ್ದಲ್ಲಿ ಹಳೆಯ 'ಎನ್‌ಟಿಪಿಡಿ' ಸೇವೆಯು ಸಾಮಾನ್ಯ ಸ್ಥಿತಿಯಲ್ಲಿ ಗಡಿಯಾರವನ್ನು ತಿದ್ದದೆ ನಿಂತುಬಿಡುತ್ತದೆ. 'ಜಿ' ಆಯ್ಕೆಯೊಂದಿಗೆ ಅದನ್ನು ಆರಂಭಿಸಿದಲ್ಲಿ ಮೊದಲ ಬಾರಿ ದೊಡ್ಡ ವ್ಯತ್ಯಾಸವನ್ನೂ ಸರಿಪಡಿಸುತ್ತದೆ. ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಅನ್ವಯ ಸರ್ಕಾರಿ ಸಂಸ್ಥೆಗಳು ಹಾಗೂ ಇತರ ನಿರ್ದಿಷ್ಟ ಸಂಸ್ಥೆಗಳು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯದ ಕಾಲ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ, ತಮ್ಮ ಗಡಿಯಾರಗಳನ್ನು ಹೊಂದಿಸಬೇಕಾಗಿದೆ.

ವ್ಯತ್ಯಾಸವು ಸರಿಯಾಗಿ ಐದೂವರೆ ಗಂಟೆ ಇದ್ದಲ್ಲಿ ಕಾರಣ ಬೇರೆ. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದಾಗ, ಒಂದು ವ್ಯವಸ್ಥೆಯು ಯಂತ್ರಾಂಶದ ಗಡಿಯಾರವನ್ನು ಭಾರತೀಯ ವೇಳೆಯೆಂದೂ ಮತ್ತೊಂದು ಅದನ್ನೇ ಸಾರ್ವತ್ರಿಕ ವೇಳೆಯೆಂದೂ ಓದುತ್ತದೆ. ಎರಡರಲ್ಲಿಯೂ ಒಂದೇ ಕ್ರಮವನ್ನು ಅನುಸರಿಸುವಂತೆ ಹೊಂದಿಸತಕ್ಕದ್ದು.

ಗಡಿಯಾರವನ್ನು ಸರಿಪಡಿಸಿದ ನಂತರ ಬ್ಯಾಟರಿಯನ್ನು ಬದಲಾಯಿಸದಿದ್ದಲ್ಲಿ ಮುಂದಿನ ವಿದ್ಯುತ್ ಕಡಿತದೊಂದಿಗೆ ದೋಷವು ಮರುಕಳಿಸುತ್ತದೆ.

5. ಮೂಲ ಪ್ರಮಾಣಪತ್ರಗಳ ಸಂಗ್ರಹವು ಹಳೆಯದಾಗಿರುವುದು

ಗಡಿಯಾರ ಸರಿಯಿದ್ದು, ಕೆಲವು ತಾಣಗಳು ಮಾತ್ರ ದೊರೆಯದೆ, 'ಅನೇಬಲ್ ಟು ಗೆಟ್ ಲೋಕಲ್ ಇಶ್ಯುಯರ್ ಸರ್ಟಿಫಿಕೇಟ್' ಎಂಬ ಸಂದೇಶ ಬಂದಲ್ಲಿ, ಯಂತ್ರದ ಸಂಗ್ರಹದಲ್ಲಿ ಸಂಬಂಧಪಟ್ಟ ಮೂಲ ಪ್ರಮಾಣಪತ್ರ ಇಲ್ಲದಿರುವ ಸಂಭವ ಹೆಚ್ಚು.

ಇದಕ್ಕೆ ಕರ್ನಾಟಕದ್ದೇ ಉದಾಹರಣೆಯಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಇ-ಮುದ್ರಾ ಸಂಸ್ಥೆಯ 'ಎಮ್‌ಸೈನ್' ಮೂಲ ಪ್ರಮಾಣಪತ್ರಗಳು 2018ರಲ್ಲಿ ರಚಿತವಾದವು. ಡೆಬಿಯನ್ ವಿತರಣೆಯ ಸಂಗ್ರಹಕ್ಕೆ ಅವು ಸೇರಿದ್ದು 2020ರ ಜೂನ್ 1ರ ದಿನಾಂಕವನ್ನು ಹೊತ್ತ ಆವೃತ್ತಿಯಲ್ಲಿ. ಗೂಗಲ್ ಸಂಸ್ಥೆಯ 'ಜಿಟಿಎಸ್' ಮೂಲ ಪ್ರಮಾಣಪತ್ರಗಳು ಸೇರಿದ್ದೂ ಅದೇ ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ಸಂಗ್ರಹವನ್ನು ಇರಿಸಿಕೊಂಡಿರುವ ಯಂತ್ರಕ್ಕೆ ಈ ಹೆಸರುಗಳ ಪರಿಚಯವೇ ಇರುವುದಿಲ್ಲ. ಸರಪಳಿಯು ಇವುಗಳಲ್ಲಿಯೇ ಕೊನೆಗೊಳ್ಳುವ ತಾಣವು ಎಷ್ಟೇ ಕ್ರಮಬದ್ಧವಾಗಿದ್ದರೂ ಆ ಯಂತ್ರವು ಅದನ್ನು ತಿರಸ್ಕರಿಸುತ್ತದೆ. ಇಲ್ಲಿ ತಪ್ಪು ತಾಣದ್ದಲ್ಲ, ಸಂಗ್ರಹದ್ದು.

ಪರಿಹಾರ ಕ್ರಮಗಳು ಈ ಕೆಳಕಂಡಂತಿವೆ.

(ಅ) ವಿತರಣೆಗೆ ಇನ್ನೂ ಬೆಂಬಲ ಲಭ್ಯವಿದ್ದಲ್ಲಿ ಅದರ ಪ್ಯಾಕೇಜ್ ನಿರ್ವಾಹಕದ ಮೂಲಕ 'ಸಿಎ-ಸರ್ಟಿಫಿಕೇಟ್ಸ್' ಪ್ಯಾಕೇಜನ್ನು ನವೀಕರಿಸತಕ್ಕದ್ದು. ಪ್ಯಾಕೇಜ್‌ಗಳಿಗೆ ವಿತರಣೆಯ ಪ್ರತ್ಯೇಕ ಸಹಿ ಇರುವುದರಿಂದ, ತಾಣದ ಪ್ರಮಾಣಪತ್ರವನ್ನು ಅವಲಂಬಿಸದೆಯೂ ಅವುಗಳ ಸಾಚಾತನ ದೃಢಪಡುತ್ತದೆ.

(ಆ) ಬೆಂಬಲ ಮುಗಿದಿದ್ದಲ್ಲಿ, ಬೇಕಾದ ಮೂಲ ಪ್ರಮಾಣಪತ್ರವನ್ನು ಹೊಸ ವ್ಯವಸ್ಥೆಯುಳ್ಳ ಮತ್ತೊಂದು ಯಂತ್ರದಲ್ಲಿ, ಅದನ್ನು ನೀಡಿದ ಪ್ರಾಧಿಕಾರದ ತಾಣದಿಂದಲೇ ಪಡೆದು ಪೆನ್ ಡ್ರೈವ್ ಮೂಲಕ ತರಬಹುದು. ಪ್ರಾಧಿಕಾರವು ಪ್ರಕಟಿಸಿರುವ 'ಎಸ್‌ಎಚ್‌ಎ-256' ಬೆರಳಚ್ಚಿನೊಂದಿಗೆ ಅದನ್ನು ಅಕ್ಷರಶಃ ಹೋಲಿಸಿದ ನಂತರವೇ ಅಳವಡಿಸತಕ್ಕದ್ದು.

(ಇ) ಡೆಬಿಯನ್ ಮತ್ತು ಉಬುಂಟು ವರ್ಗದಲ್ಲಿ ಕಡತವನ್ನು 'ಯುಎಸ್‌ಆರ್', 'ಲೋಕಲ್', 'ಶೇರ್' ಕೋಶಗಳ ಒಳಗಿರುವ 'ಸಿಎ-ಸರ್ಟಿಫಿಕೇಟ್ಸ್' ಕೋಶದಲ್ಲಿ 'ಸಿಆರ್‌ಟಿ' ಎಂಬ ವಿಸ್ತರಣೆಯೊಂದಿಗೆ ಇರಿಸಿ, 'ಅಪ್‌ಡೇಟ್-ಸಿಎ-ಸರ್ಟಿಫಿಕೇಟ್ಸ್' ಆದೇಶವನ್ನು ನೀಡತಕ್ಕದ್ದು. ವಿಸ್ತರಣೆ ಬೇರೆಯಾಗಿದ್ದಲ್ಲಿ ಕಡತವನ್ನು ಪರಿಗಣಿಸಲಾಗುವುದಿಲ್ಲ.

(ಈ) ಸೆಂಟ್‌ಓಎಸ್ 7ರಲ್ಲಿ 'ಇಟಿಸಿ', 'ಪಿಕೆಐ', 'ಸಿಎ-ಟ್ರಸ್ಟ್', 'ಸೋರ್ಸ್' ಕೋಶಗಳ ಒಳಗಿರುವ 'ಆಂಕರ್ಸ್' ಕೋಶದಲ್ಲಿ ಕಡತವನ್ನಿರಿಸಿ 'ಅಪ್‌ಡೇಟ್-ಸಿಎ-ಟ್ರಸ್ಟ್' ಆದೇಶವನ್ನು ನೀಡತಕ್ಕದ್ದು. ಸೆಂಟ್‌ಓಎಸ್ 6ರಲ್ಲಿ ಈ ವ್ಯವಸ್ಥೆಯನ್ನು ಮೊದಲು 'ಎನೇಬಲ್' ಎಂಬ ಪದದೊಂದಿಗೆ ಒಮ್ಮೆ ಚಾಲನೆಗೊಳಿಸಬೇಕಾಗುತ್ತದೆ.

ಜಾವಾ ತಂತ್ರಾಂಶ ಹಾಗೂ ಪೈಥಾನ್ ಭಾಷೆಯ 'ರಿಕ್ವೆಸ್ಟ್ಸ್' ಲೈಬ್ರರಿ ತಮ್ಮದೇ ಪ್ರತ್ಯೇಕ ಸಂಗ್ರಹವನ್ನು ಹೊಂದಿರುವುದುಂಟು. ಯಂತ್ರದ ಸಂಗ್ರಹವನ್ನು ಸರಿಪಡಿಸಿದ ನಂತರವೂ ಅವುಗಳಲ್ಲಿ ದೋಷ ಉಳಿದಲ್ಲಿ ಅವುಗಳ ಸಂಗ್ರಹವನ್ನೂ ನವೀಕರಿಸತಕ್ಕದ್ದು.

6. ಮೂಲ ಪ್ರಮಾಣಪತ್ರದ ಅವಧಿ ಮುಗಿದಿರುವುದು

ತಾಣದ ಪ್ರಮಾಣಪತ್ರವು ಚಾಲ್ತಿಯಲ್ಲಿದ್ದರೂ ಅವಧಿ ಮುಗಿದಿದೆಯೆಂಬ 10ನೇ ಸಂಖ್ಯೆಯ ದೋಷ ಬರುವುದುಂಟು. ಇದಕ್ಕೆ ಎರಡು ಪ್ರಸಿದ್ಧ ನಿದರ್ಶನಗಳಿವೆ.

2020ರ ಮೇ 30ರಂದು ಭಾರತೀಯ ವೇಳೆ ಸಂಜೆ 4 ಗಂಟೆ 18 ನಿಮಿಷಕ್ಕೆ 'ಆಡ್‌ಟ್ರಸ್ಟ್' ಎಂಬ ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. 2021ರ ಸೆಪ್ಟೆಂಬರ್ 30ರಂದು ಭಾರತೀಯ ವೇಳೆ ಸಂಜೆ 7 ಗಂಟೆ 31 ನಿಮಿಷಕ್ಕೆ 'ಡಿಎಸ್‌ಟಿ ರೂಟ್ ಸಿಎ ಎಕ್ಸ್3' ಎಂಬುದರ ಅವಧಿ ಮುಗಿಯಿತು. ಎರಡನೆಯದು ಉಚಿತವಾಗಿ ಪ್ರಮಾಣಪತ್ರ ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸರಪಳಿಗೆ ಆಧಾರವಾಗಿತ್ತು. ಆ ಸಂಸ್ಥೆಯ ಸ್ವಂತ ಮೂಲ ಪ್ರಮಾಣಪತ್ರವಾದ 'ಐಎಸ್‌ಆರ್‌ಜಿ ರೂಟ್ ಎಕ್ಸ್1' 2035ರ ಜೂನ್ 4ರವರೆಗೆ ಊರ್ಜಿತದಲ್ಲಿದ್ದು, ಅದು ಯಂತ್ರದಲ್ಲಿದ್ದರೂ ಕೆಲವು ಯಂತ್ರಗಳಲ್ಲಿ ದೋಷ ಉಂಟಾಯಿತು.

ಇದರ ಕಾರಣ ಲೈಬ್ರರಿಯು ಸರಪಳಿಯನ್ನು ಕಟ್ಟುವ ಕ್ರಮದಲ್ಲಿತ್ತು. ಓಪನ್‌ಎಸ್‌ಎಸ್‌ಎಲ್ 1.0.2 ಹಾಗೂ ಅದಕ್ಕೂ ಹಿಂದಿನ ಆವೃತ್ತಿಗಳು ಸರ್ವರ್ ಕಳುಹಿಸಿದ ದಾರಿಯನ್ನೇ ಮೊದಲು ಕೊನೆಯವರೆಗೆ ಅನುಸರಿಸುತ್ತವೆ. ಆ ದಾರಿಯು ಅವಧಿ ಮುಗಿದ ಹಳೆಯ ಮೂಲ ಪ್ರಮಾಣಪತ್ರಕ್ಕೆ ತಲುಪಿದಾಗ, ಪಕ್ಕದಲ್ಲಿಯೇ ಇರುವ ಸರಿಯಾದ ದಾರಿಯನ್ನು ಹುಡುಕದೆ ದೋಷವೆಂದು ಘೋಷಿಸುತ್ತವೆ. 1.1.0 ಆವೃತ್ತಿಯಿಂದ ಮುಂದೆ ಯಂತ್ರದಲ್ಲಿರುವ ನಂಬಿಕೆಯ ಪ್ರಮಾಣಪತ್ರಗಳನ್ನು ಮೊದಲು ನೋಡುವ ಕ್ರಮ ಜಾರಿಗೆ ಬಂದಿತು. ಗ್ನು-ಟಿಎಲ್‌ಎಸ್ ಲೈಬ್ರರಿಯಲ್ಲಿದ್ದ ಇಂತಹದೇ ತೊಡಕು 3.6.14 ಆವೃತ್ತಿಯಲ್ಲಿ ನಿವಾರಣೆಯಾಯಿತು. ಸೆಂಟ್‌ಓಎಸ್ 7ರಲ್ಲಿ ಓಪನ್‌ಎಸ್‌ಎಸ್‌ಎಲ್ 1.0.2, ಉಬುಂಟು 14.04ರಲ್ಲಿ 1.0.1 ಹಾಗೂ 16.04ರಲ್ಲಿ 1.0.2 ಇರುವುದನ್ನು ಗಮನಿಸಬಹುದು.

ಇದಕ್ಕೆ ಪರಿಹಾರವು ಸೇರಿಸುವುದರಲ್ಲಿಲ್ಲ, ತೆಗೆಯುವುದರಲ್ಲಿದೆ. ಅವಧಿ ಮುಗಿದ ಮೂಲ ಪ್ರಮಾಣಪತ್ರವನ್ನು ಸಂಗ್ರಹದಿಂದ ಕೈಬಿಟ್ಟಲ್ಲಿ ಲೈಬ್ರರಿಯು ಬೇರೆ ದಾರಿಯನ್ನು ಹುಡುಕಿಕೊಳ್ಳುತ್ತದೆ. ಡೆಬಿಯನ್ ವರ್ಗದಲ್ಲಿ 'ಇಟಿಸಿ' ಕೋಶದಲ್ಲಿರುವ 'ಸಿಎ-ಸರ್ಟಿಫಿಕೇಟ್ಸ್' ಸಂರಚನಾ ಕಡತದಲ್ಲಿ ಸಂಬಂಧಿಸಿದ ಸಾಲಿನ ಆರಂಭಕ್ಕೆ ಆಶ್ಚರ್ಯಸೂಚಕ ಚಿಹ್ನೆಯನ್ನು ಸೇರಿಸಿ, ನವೀಕರಣ ಆದೇಶವನ್ನು ನೀಡತಕ್ಕದ್ದು. ಸೆಂಟ್‌ಓಎಸ್ 7ರಲ್ಲಿ ಆ ಪ್ರಮಾಣಪತ್ರದ ಕಡತವನ್ನು 'ಬ್ಲ್ಯಾಕ್‌ಲಿಸ್ಟ್' ಕೋಶದಲ್ಲಿರಿಸಿ ನವೀಕರಿಸತಕ್ಕದ್ದು.

ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು 2024ರ ಫೆಬ್ರವರಿ 8ರಿಂದ ಹಳೆಯ ದಾರಿಯನ್ನು ತನ್ನ ಸಾಮಾನ್ಯ ಸರಪಳಿಯಿಂದ ಕೈಬಿಟ್ಟಿದೆ. ಆದುದರಿಂದ 'ಐಎಸ್‌ಆರ್‌ಜಿ ರೂಟ್ ಎಕ್ಸ್1' ಇಲ್ಲದ ಯಂತ್ರದಲ್ಲಿ ಈಗ 10ನೇ ಸಂಖ್ಯೆಗೆ ಬದಲಾಗಿ 20ನೇ ಸಂಖ್ಯೆಯ ದೋಷ ಬರಬಹುದು. ಆಗ 5ನೇ ಭಾಗದ ಕ್ರಮವನ್ನು ಅನುಸರಿಸತಕ್ಕದ್ದು.

7. ಸರ್ವರ್‌ನ ಕಡೆಯ ಲೋಪ

ಸರ್ವರ್ ತನ್ನ ಪ್ರಮಾಣಪತ್ರವನ್ನು ಮಾತ್ರ ಕಳುಹಿಸಿ ಮಧ್ಯಂತರ ಪ್ರಮಾಣಪತ್ರವನ್ನು ಬಿಟ್ಟಿದ್ದಲ್ಲಿ 21ನೇ ಸಂಖ್ಯೆಯ ದೋಷ ಬರುತ್ತದೆ. 'ಶೋಸರ್ಟ್ಸ್' ಆಯ್ಕೆಯೊಂದಿಗೆ ತಪಾಸಣೆ ನಡೆಸಿದಾಗ ಒಂದೇ ಪ್ರಮಾಣಪತ್ರ ಕಂಡುಬಂದಲ್ಲಿ ಇದೇ ಕಾರಣವೆಂದು ತಿಳಿಯಬಹುದು. ಇದನ್ನು ಸರಿಪಡಿಸಬೇಕಾದವರು ತಾಣದ ನಿರ್ವಾಹಕರು. ದೋಷದ ಸಂಖ್ಯೆ ಮತ್ತು ತಪಾಸಣೆಯ ಫಲಿತಾಂಶದೊಂದಿಗೆ ಅವರಿಗೆ ತಿಳಿಸುವುದು ಸೂಕ್ತ.

8. ಲೈಬ್ರರಿಯೇ ಹಳೆಯದಾಗಿರುವುದು

ಟಿಎಲ್‌ಎಸ್ 1.2 ನಿಯಮಾವಳಿಯ ಬೆಂಬಲವು ಓಪನ್‌ಎಸ್‌ಎಸ್‌ಎಲ್‌ನಲ್ಲಿ 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ 1.0.1 ಆವೃತ್ತಿಯೊಂದಿಗೆ ಬಂದಿತು. ಟಿಎಲ್‌ಎಸ್ 1.0 ಮತ್ತು 1.1 ಬಳಕೆಯು 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿ ತ್ಯಾಜ್ಯವೆಂದು ಘೋಷಿತವಾಯಿತು. ಸೆಂಟ್‌ಓಎಸ್ 5ರಲ್ಲಿರುವ 0.9.8 ಆವೃತ್ತಿಗೆ ಇಂದಿನ ಹೆಚ್ಚಿನ ತಾಣಗಳೊಂದಿಗೆ ಮಾತುಕತೆ ಆರಂಭಿಸುವುದೇ ಸಾಧ್ಯವಿಲ್ಲ. ಇಂತಹ ಯಂತ್ರದಲ್ಲಿ ಪ್ರಮಾಣಪತ್ರಗಳನ್ನು ಎಷ್ಟು ನವೀಕರಿಸಿದರೂ ಪ್ರಯೋಜನವಾಗುವುದಿಲ್ಲ.

ಒಂದೇ ಸರ್ವರ್‌ನಲ್ಲಿ ಹಲವು ತಾಣಗಳಿದ್ದಾಗ ಯಾವ ತಾಣ ಬೇಕೆಂಬುದನ್ನು ಸಾಧನವು ಮೊದಲೇ ತಿಳಿಸಬೇಕಾಗುತ್ತದೆ. ಡಬ್ಲ್ಯುಗೆಟ್ ಸಾಧನದಲ್ಲಿ ಈ ಸೌಲಭ್ಯವು 2012ರ 1.14 ಆವೃತ್ತಿಯಲ್ಲಿ ಸೇರಿತು. ಈ ಸೌಲಭ್ಯವಿಲ್ಲದ ಸಾಧನಕ್ಕೆ ಬೇರೊಂದು ತಾಣದ ಪ್ರಮಾಣಪತ್ರವು ದೊರೆತು, ಹೆಸರು ಹೊಂದುವುದಿಲ್ಲವೆಂಬ ದೋಷ ಬರುತ್ತದೆ.

ಸೆಂಟ್‌ಓಎಸ್ 6ರ ಬೆಂಬಲವು 2020ರ ನವೆಂಬರ್ 30ಕ್ಕೂ, ಸೆಂಟ್‌ಓಎಸ್ 7ರ ಬೆಂಬಲವು 2024ರ ಜೂನ್ 30ಕ್ಕೂ ಮುಗಿದಿರುವುದರಿಂದ ಕಾರ್ಯಾಚರಣಾ ವ್ಯವಸ್ಥೆಯನ್ನೇ ಬದಲಾಯಿಸುವುದು ಶಾಶ್ವತ ಪರಿಹಾರ.

9. ಮಧ್ಯದಲ್ಲಿ ಇರಬಹುದಾದ ಸಾಧನ

ಕೆಲವು ಸಂಸ್ಥೆಗಳ ಜಾಲದಲ್ಲಿ ಸಂಪರ್ಕವನ್ನು ಬಿಡಿಸಿ ನೋಡುವ ಸುರಕ್ಷತಾ ಸಾಧನವಿರುತ್ತದೆ. ಅದು ತನ್ನದೇ ಪ್ರಮಾಣಪತ್ರವನ್ನು ಮುಂದಿಡುವುದರಿಂದ 19ನೇ ಸಂಖ್ಯೆಯ ದೋಷ ಬರುತ್ತದೆ. ಆ ಸಂಸ್ಥೆಯ ಜಾಲ ನಿರ್ವಾಹಕರಿಂದ ಮೂಲ ಪ್ರಮಾಣಪತ್ರವನ್ನು ಪಡೆದು ಅಳವಡಿಸಬಹುದು. ಅಂತಹ ಸಾಧನವಿಲ್ಲದ ಜಾಲದಲ್ಲಿ ಅಪರಿಚಿತ ಹೆಸರಿನ ಪ್ರಮಾಣಪತ್ರ ಕಂಡುಬಂದಲ್ಲಿ ಕೆಲಸವನ್ನು ನಿಲ್ಲಿಸಿ ವಿಚಾರಿಸತಕ್ಕದ್ದು. ಪರಿಶೀಲನೆಯು ಇರುವುದೇ ಇಂತಹ ಸಂದರ್ಭಕ್ಕಾಗಿ.

10. ಪರಿಶೀಲನೆಯನ್ನು ನಿಲ್ಲಿಸುವ ಆಯ್ಕೆಗಳ ಕುರಿತು ಎಚ್ಚರಿಕೆ

ಕರ್ಲ್‌ನ 'ಇನ್‌ಸೆಕ್ಯೂರ್', ಡಬ್ಲ್ಯುಗೆಟ್‌ನ 'ನೋ-ಚೆಕ್-ಸರ್ಟಿಫಿಕೇಟ್' ಹಾಗೂ ಗಿಟ್‌ನಲ್ಲಿ ಪರಿಶೀಲನೆಯನ್ನು ರದ್ದುಪಡಿಸುವ ಸಂರಚನೆ ದೋಷದ ಸಂದೇಶವನ್ನು ಮಾತ್ರ ಅಡಗಿಸುತ್ತವೆ. ಒಮ್ಮೆ ತುರ್ತಿಗೆಂದು ಸ್ವಯಂಚಾಲಿತ ಕಡತದಲ್ಲಿ ಬರೆದ ಇಂತಹ ಆಯ್ಕೆಯು, ಬರೆದವರು ವರ್ಗಾವಣೆಯಾಗಿ ಹೋದ ನಂತರವೂ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ.

ಸುಳ್ಳು ಪ್ರಮಾಣಪತ್ರಗಳ ಅಪಾಯವು ಕೇವಲ ಊಹೆಯಲ್ಲ. ಗೂಗಲ್ ಒಡೆತನದ ಕೆಲವು ತಾಣಗಳ ಹೆಸರಿನಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಮಾಣೀಕರಣ ವ್ಯವಸ್ಥೆಯ ಮೂಲಕ ಅನಧಿಕೃತ ಪ್ರಮಾಣಪತ್ರಗಳು ಹೊರಬಂದಿದ್ದು 2014ರ ಜುಲೈ 2ರಂದು ಆ ಸಂಸ್ಥೆಯ ಗಮನಕ್ಕೆ ಬಂದಿತು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಅಡಿಯಲ್ಲಿ ಕಾರ್ಯನಿರ್ವಹಿಸುವ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ಮರುದಿನವೇ, ಅಂದರೆ ಜುಲೈ 3ರಂದು, ಸಂಬಂಧಿಸಿದ ಮಧ್ಯಂತರ ಪ್ರಮಾಣಪತ್ರಗಳನ್ನು ರದ್ದುಪಡಿಸಿದರು. ಆ ಸರಪಳಿಯ ಮೂಲ ಪ್ರಮಾಣಪತ್ರವು ಮೈಕ್ರೋಸಾಫ್ಟ್ ಸಂಗ್ರಹದಲ್ಲಿತ್ತು. ಮೊಜಿಲ್ಲಾ ಪಟ್ಟಿಯಲ್ಲಿ ಇರಲಿಲ್ಲ. ಆದುದರಿಂದ ಆ ಪಟ್ಟಿಯನ್ನೇ ಆಧರಿಸಿ ಪರಿಶೀಲನೆ ನಡೆಸುವ ಲಿನಕ್ಸ್ ಯಂತ್ರವು ಅಂತಹ ಪ್ರಮಾಣಪತ್ರವನ್ನು ತಿರಸ್ಕರಿಸುತ್ತಿತ್ತು. ಪರಿಶೀಲನೆಯನ್ನು ನಿಲ್ಲಿಸಿದ ಯಂತ್ರವು ಯಾವ ಪ್ರಮಾಣಪತ್ರವನ್ನಾದರೂ ಒಪ್ಪಿಕೊಳ್ಳುತ್ತದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅದೇ ಯಂತ್ರದ ಫೈರ್‌ಫಾಕ್ಸ್‌ನಲ್ಲಿ ತಾಣ ತೆರೆಯುತ್ತದೆ, ಕರ್ಲ್‌ನಲ್ಲಿ ತೆರೆಯುವುದಿಲ್ಲ. ಏಕೆ?
ಉತ್ತರ: ಫೈರ್‌ಫಾಕ್ಸ್ ಸಾಮಾನ್ಯವಾಗಿ ತನ್ನದೇ ಲೈಬ್ರರಿ ಮತ್ತು ಮೂಲ ಪ್ರಮಾಣಪತ್ರಗಳ ಸಂಗ್ರಹವನ್ನು ಬಳಸುತ್ತದೆ. ಆದೇಶ ಸಾಲಿನ ಸಾಧನಗಳು ಯಂತ್ರದ ಸಂಗ್ರಹವನ್ನು ಅವಲಂಬಿಸುತ್ತವೆ.

ಪ್ರಶ್ನೆ: ಕರ್ಲ್ ಸರಿಯಾಗಿ ನಡೆದು ಡಬ್ಲ್ಯುಗೆಟ್ ಮಾತ್ರ ವಿಫಲವಾಗುವುದು ಸಾಧ್ಯವೇ?
ಉತ್ತರ: ಸಾಧ್ಯ. ಡೆಬಿಯನ್‌ನಲ್ಲಿ ಕರ್ಲ್ ಓಪನ್‌ಎಸ್‌ಎಸ್‌ಎಲ್ ಅನ್ನೂ, ಡಬ್ಲ್ಯುಗೆಟ್ ಗ್ನು-ಟಿಎಲ್‌ಎಸ್ ಅನ್ನೂ ಬಳಸುತ್ತವೆ. ಸೆಂಟ್‌ಓಎಸ್ 7ರಲ್ಲಿ ಕರ್ಲ್ 'ಎನ್‌ಎಸ್‌ಎಸ್' ಲೈಬ್ರರಿಯನ್ನು ಬಳಸುತ್ತದೆ. ಪ್ರತಿಯೊಂದು ಸಾಧನವನ್ನೂ ಪ್ರತ್ಯೇಕವಾಗಿ ಪರೀಕ್ಷಿಸತಕ್ಕದ್ದು.

ಪ್ರಶ್ನೆ: ಒಮ್ಮೆ ಸರಿಪಡಿಸಿದರೆ ಸಾಕೇ?
ಉತ್ತರ: ಸಾಲದು. ಸಾರ್ವಜನಿಕ ತಾಣಗಳ ಪ್ರಮಾಣಪತ್ರಗಳ ಗರಿಷ್ಠ ಅವಧಿಯನ್ನು 2026ರ ಮಾರ್ಚ್ 15ರಿಂದ 200 ದಿನಗಳಿಗೆ, 2027ರ ಮಾರ್ಚ್ 15ರಿಂದ 100 ದಿನಗಳಿಗೆ ಹಾಗೂ 2029ರ ಮಾರ್ಚ್ 15ರಿಂದ 47 ದಿನಗಳಿಗೆ ಇಳಿಸಲು 2025ರಲ್ಲಿ ತೀರ್ಮಾನಿಸಲಾಗಿದೆ. ಪ್ರಮಾಣಪತ್ರಗಳು ಬೇಗ ಬೇಗ ಬದಲಾಗುವುದರಿಂದ ತಪ್ಪು ಗಡಿಯಾರ ಮತ್ತು ಹಳೆಯ ಸಂಗ್ರಹಗಳ ತೊಂದರೆ ಮುಂದೆ ಹೆಚ್ಚು ಬಾರಿ ಕಾಣಿಸಿಕೊಳ್ಳುವ ಸಂಭವವಿದೆ.

12. ಸಾರಾಂಶ

(1) ಮೊದಲು ಗಡಿಯಾರವನ್ನು ನೋಡತಕ್ಕದ್ದು.
(2) ದೋಷದ ಸಂಖ್ಯೆಯನ್ನು ಬರೆದುಕೊಂಡು, ಅದಕ್ಕೆ ತಕ್ಕ ಭಾಗವನ್ನು ಅನುಸರಿಸತಕ್ಕದ್ದು.
(3) ಸಂಗ್ರಹಕ್ಕೆ ಬೇಕಾದುದನ್ನು ಸೇರಿಸಿ, ಅವಧಿ ಮುಗಿದುದನ್ನು ತೆಗೆಯತಕ್ಕದ್ದು.
(4) ಹೊರಗಿನಿಂದ ತಂದ ಮೂಲ ಪ್ರಮಾಣಪತ್ರದ ಬೆರಳಚ್ಚನ್ನು ಹೋಲಿಸದೆ ಅಳವಡಿಸತಕ್ಕದ್ದಲ್ಲ.
(5) ಸ್ವಯಂಚಾಲಿತ ಕಡತಗಳಲ್ಲಿ ಪರಿಶೀಲನೆಯನ್ನು ನಿಲ್ಲಿಸುವ ಆಯ್ಕೆಗಳಿದ್ದಲ್ಲಿ ಅವುಗಳನ್ನು ಹುಡುಕಿ ತೆಗೆಯತಕ್ಕದ್ದು.
(6) ದುರಸ್ತಿಯ ನಂತರ, ರಾತ್ರಿ ವೇಳೆ ನಡೆಯುವ ದಾಖಲೆ ಪ್ರತಿಯ ಕೆಲಸವು ನಿಜವಾಗಿ ಪೂರ್ಣಗೊಂಡಿದೆಯೇ ಎಂಬುದನ್ನು ಮರುದಿನ ದೃಢಪಡಿಸಿಕೊಳ್ಳತಕ್ಕದ್ದು. ದೋಷವು ಎಂದು ಆರಂಭವಾಯಿತೆಂದು ತಿಳಿಯದಿದ್ದಲ್ಲಿ, ಕೊನೆಯ ಪ್ರತಿಯು ಯಾವ ದಿನಾಂಕದ್ದೆಂಬುದನ್ನು ಪರಿಶೀಲಿಸುವುದು ಅತ್ಯವಶ್ಯಕ.